ಉಡಿಯಲ್ಲಿ ಹಾಕಿದ ಬೆಳ್ಳುಳ್ಳಿ

ಚಿಗಟೇರಿ
16-8-1999

ಶೈಲವ್ವ,

ಇದು ನಿನ್ನ ದೊಡ್ಡವ್ವ ತಿಪ್ಪೇರುದ್ರಮ್ಮನ ಕೈಬರಹ. ಗುರುತು ಹಿಡಿದಿರುತ್ತೀಯ, ಸಾಲು ಬಲಕ್ಕೆ ಹೋದಂತೆ ಮೇಲಕ್ಕೆ ಏರುವುದು ನನ್ನದೇ. ಮಗನ ಪಾಟಿಯ ಮೇಲೆ ಮಗನ ಜೊತೆ ಅಕ್ಷರ ಕಲಿತವಳು ನಾನು. ಅವನ ಸಾಲು ನೆಟ್ಟಗಾಯಿತು, ನನ್ನದು ಆಗಲಿಲ್ಲ.

ಮಗ ಅರುಣಕುಮಾರನ ಕೆಮ್ಮು ಹೋಯಿತು. ನನ್ನ ಮೊಣಕಾಲಿನ ನೋವು ಹೋಗಿಲ್ಲ. ನಿಮ್ಮ ಮನೆಯಲ್ಲಿ ನಿನ್ನ ಅತ್ತೆ ನಾಗಲಿಂಗಮ್ಮನವರು, ಅಳಿಯಂದಿರು ಹೇಗಿದ್ದಾರೆ ಬರೆ. ಈಗ ಕೆಲಸದ ಮಾತಿಗೆ ಬರುತ್ತೇನೆ.

ಯುಗಾದಿಗೆ ನಮ್ಮ ಮನೆಗೆ ಗ್ಯಾಸಿನ ಒಲೆ ಬಂತಲ್ಲ. ಸೊಸೆ ಗಂಗಾಂಬಿಕಾ ಹಳೆಯ ಒಲೆ ಕಿತ್ತುಹಾಕಿ, ಮಸಿ ತೊಳೆದು, ಅಡುಗೆಮನೆಗೆ ಸುಣ್ಣ ಹೊಡೆಸಿದಳು. ನಾನೂ ಹಿಗ್ಗಿದೆ. ನಲವತ್ತೆರಡು ವರ್ಷ ಆ ಹೊಗೆಯನ್ನು ಬೈದವಳು ನಾನು. ಶಿವರಾತ್ರಿ ಹೊತ್ತಿಗೆ ಕಿತ್ತಿದ್ದ ಬೆಳ್ಳುಳ್ಳಿಯ ಕಟ್ಟುಗಳನ್ನು ಪ್ರತಿವರ್ಷ ಕಟ್ಟುವ ಬಿದಿರಿನ ಗಳಕ್ಕೇ ಕಟ್ಟಿದ್ದೆ. ಗಳ ಅದೇ ಜಾಗದಲ್ಲಿತ್ತು, ಅದರ ಕೆಳಗಿನ ಒಲೆ ಮಾತ್ರ ಇರಲಿಲ್ಲ. ಆಷಾಢದಲ್ಲಿ ಒಂದು ಗಡ್ಡೆ ಇಳಿಸಿ ಒಡೆದರೆ ಒಳಗೆ ಪೊಳ್ಳು. ಎಸಳು ಇದ್ದ ಕಡೆ ಹಳದಿ ಹುಡಿ. ಎರಡನೆಯದೂ ಹಾಗೇ. ಎಲ್ಲ ಕಟ್ಟು ಇಳಿಸಿ ಅಂಗಳದಲ್ಲಿ ಕುಳಿತು ಒಂದೊಂದಾಗಿ ಒಡೆದೆ. ನೆಡುವಂಥದ್ದು ಒಂದು ಎಸಳೂ ಸಿಗಲಿಲ್ಲ.

ಯಾಕೆ ಹೀಗಾಯಿತು ಅಂತ ಮೂರು ದಿನ ತಲೆ ಕೆಡಿಸಿಕೊಂಡೆ. ಮಣ್ಣು ಅದೇ, ನೀರು ಅದೇ, ಕಿತ್ತ ಕೈ ಅದೇ. ಬದಲಾದದ್ದು ಹೊಗೆ ಒಂದೇ. ನನ್ನ ಕಣ್ಣು ಕೆಂಪು ಮಾಡುತ್ತಿದ್ದ ಹೊಗೆ ಇಷ್ಟು ವರ್ಷ ಮೇಲೆ ಹೋಗಿ ನನ್ನ ಬೆಳ್ಳುಳ್ಳಿಯನ್ನು ಕಾಯುತ್ತಿತ್ತು. ನನಗೆ ಅದು ತಿಳಿದೇ ಇರಲಿಲ್ಲ ನೋಡು.

ಇದು ನನ್ನವ್ವ ಕೋಗಳಿಯಿಂದ ತಂದ ತಳಿ. ಗಡ್ಡೆ ನಿಂಬೆಹಣ್ಣಿಗಿಂತ ದೊಡ್ಡದಲ್ಲ, ಒಳಸಿಪ್ಪೆ ಬದನೆಕಾಯಿ ಬಣ್ಣ, ಹಸಿಯಾಗಿ ಕಚ್ಚಿದರೆ ಕಿವಿಯವರೆಗೆ ಉರಿ. ಊರಲ್ಲಿ ಯಾರಿಗೆಲ್ಲ ಕೊಟ್ಟಿದ್ದೆನೋ ಎಲ್ಲರ ಮನೆಗೂ ಹೋಗಿ ಕೇಳಿದೆ. ಈಗ ಎಲ್ಲರೂ ಪೇಟೆಯ ದಪ್ಪ ಬಿಳಿ ಬೆಳ್ಳುಳ್ಳಿ ನೆಡುತ್ತಿದ್ದಾರೆ. ನಿನ್ನವ್ವನಿಗೆ ದಾವಣಗೆರೆಯ ಬಾಡಿಗೆ ಮನೆಯಲ್ಲಿ ತುಳಸಿ ಇಡುವುದಕ್ಕೂ ಜಾಗವಿಲ್ಲ. ಉಚ್ಚಂಗಿದುರ್ಗದ ಅಂಜಿನಕ್ಕ ಅಂತ, ಹಿಂದೆ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದಳು. ಅವಳ ಹತ್ತಿರ ಇರಬಹುದು ಅಂತ ಬಸ್ಸಿನಲ್ಲಿ ಯಾರೋ ಅಂದರು. ಖಾತ್ರಿಯಿಲ್ಲ. ನಿನ್ನದು ಖಾತ್ರಿ. ಮದುವೆಯಲ್ಲಿ ನಿನ್ನ ಉಡಿಯಲ್ಲಿ ಹನ್ನೆರಡು ಗಡ್ಡೆ ಹಾಕಿದ್ದೆ, ನೆಟ್ಟೆ ಅಂತ ನೀನೇ ಹೋದ ವರ್ಷ ಬರೆದಿದ್ದೀಯ. ಹತ್ತು ಗಡ್ಡೆ ಕಳಿಸು. ದೀಪಾವಳಿ ಸುತ್ತಮುತ್ತ ಮಣ್ಣಿಗೆ ಹೋಗಬೇಕು. ಈ ವರ್ಷ ತಪ್ಪಿದರೆ ಮುಂದಿನ ವರ್ಷಕ್ಕೆ ಅಂತ ಕಾಯುವ ಬೀಜ ಇದಲ್ಲ.

ದೊಡ್ಡವ್ವ


ಹಡಗಲಿ
23-8-1999

ದೊಡ್ಡವ್ವ,

ನಿಮ್ಮ ಬೆಳ್ಳುಳ್ಳಿ ನನ್ನ ಹತ್ತಿರ ಇಲ್ಲ. ಯಾವತ್ತೂ ನೆಟ್ಟಿರಲಿಲ್ಲ.

ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅರಿಸಿನದ ಕೊಂಬು, ಅದರ ಜೊತೆ ಬೆಳ್ಳುಳ್ಳಿಯ ಕಟ್ಟು. ಅಕ್ಕಿ ಅಡುಗೆಗೆ, ಕೊಬ್ಬರಿ ಅಡುಗೆಗೆ. ಬೆಳ್ಳುಳ್ಳಿಯೂ ಅಡುಗೆಗೇ ಅಂದುಕೊಂಡೆ. ಇಲ್ಲಿಗೆ ಬಂದ ಹೊಸದರಲ್ಲಿ ಅತ್ತೆ ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲಾಂದ್ರೆ ಉಹೂಂ. ಹತ್ತನೆಯ ದಿನವೋ ಏನೋ, ಶೇಂಗಾ ಚಟ್ನಿಪುಡಿಗೆ ಆ ಬೆಳ್ಳುಳ್ಳಿ ಹಾಕಿ ಕುಟ್ಟಿದೆ. ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ತಿಂದವರು ಹಾಗೇ ನಿಂತರು. ‘ಇದನ್ನ ಯಾರು ಕುಟ್ಟಿದ್ದು?’ ಅಂದರು. ನಾನ್ರಿ ಅಂದೆ. ‘ಇನ್ನೊಂದಿಷ್ಟು ಹಾಕು’ ಅಂದರು. ಆವತ್ತು ಮೂರು ರೊಟ್ಟಿ ತಿಂದರು. ಮಾರನೇ ದಿನ ನನ್ನ ಹೆಸರು ಹಿಡಿದು ಕರೆದರು.

ಅದಾದ ಮೇಲೆ ಕುಟ್ಟುತ್ತಲೇ ಹೋದೆ, ಕಟ್ಟು ಮುಗಿಯುವವರೆಗೆ. ಕಾರ್ತಿಕದಲ್ಲಿ ‘ಬೆಳ್ಳುಳ್ಳಿ ನೆಟ್ಟೆಯಾ’ ಅಂತ ನಿಮ್ಮ ಕಾರ್ಡು ಬಂತು. ಅದು ಬೀಜ ಅಂತ ನನಗೆ ಗೊತ್ತಾದದ್ದು ಆವತ್ತು. ಏನು ಬರೆಯಲಿ? ನೆಟ್ಟೆ ಅಂತ ಬರೆದೆ. ಒಂದು ಪದ ತಾನೇ ಅನ್ನಿಸಿತ್ತು.

ಇದನ್ನು ಎರಡು ಸಲ ಓದಿದೆ. ಅಂಚೆಗೆ ಹಾಕುವ ಧೈರ್ಯ ಬರುತ್ತಿಲ್ಲ. ಟ್ರಂಕಿನಲ್ಲಿಟ್ಟು ನಾಳೆ ಬೇರೆ ಬರೆಯುತ್ತೇನೆ.


ಹಡಗಲಿ
25-8-1999

ಪೂಜ್ಯ ದೊಡ್ಡವ್ವನಿಗೆ ಶೈಲಾ ಮಾಡುವ ನಮಸ್ಕಾರ.

ನಾವೆಲ್ಲ ಆರಾಮ ಇದ್ದೇವೆ. ಅತ್ತೆಯವರು ನಿಮ್ಮನ್ನು ಕೇಳಿದರು. ಇವರ ಮೋಟಾರು ರಿಪೇರಿ ಅಂಗಡಿ ಚೆನ್ನಾಗಿ ನಡೆದಿದೆ. ಈ ಸಲ ಮಲ್ಲಿಗೆ ಹೂವು ಬಹಳ ಬಂದಿದೆ.

ನಿಮ್ಮ ಬೆಳ್ಳುಳ್ಳಿ ಹಾಳಾದದ್ದು ಓದಿ ಬಹಳ ಬೇಸರವಾಯಿತು. ನಮ್ಮಲ್ಲಿ ಚೆನ್ನಾಗಿ ಬಂದಿತ್ತು. ಹಿತ್ತಲಲ್ಲಿ ಬಾವಿಯ ಪಕ್ಕದ ಮಡಿಯಲ್ಲಿ ನೆಟ್ಟಿದ್ದೆ. ಎಲ್ಲವೂ ಮೊಳೆತವು. ಬೇಸಿಗೆಗೆ ಮುಂಚೆ ಹೂವು ಸಹ ಬಿಟ್ಟಿತ್ತು. ಉದ್ದ ದಂಟಿನ ತುದಿಗೆ ಬಿಳಿ ಹೂವಿನ ಚೆಂಡು, ನೋಡಲು ಬಹಳ ಚೆಂದ ಇತ್ತು. ಗಡ್ಡೆ ಒಣಗಿಸಿ ಇಟ್ಟಿದ್ದೇನೆ. ಯಾರಾದರೂ ಆ ಕಡೆ ಬರುವಾಗ ಕಳಿಸುತ್ತೇನೆ, ನೀವು ಚಿಂತೆ ಮಾಡಬೇಡಿ. ಕಾಲು ನೋವಿನಲ್ಲಿ ಬಸ್ಸು ಹತ್ತಬೇಡಿ.

ಇಂತಿ ನಿಮ್ಮ
ಶೈಲಾ


ಚಿಗಟೇರಿ
4-9-1999

ಶೈಲವ್ವ,

ನಿನ್ನ ಪತ್ರ ಓದಿ ಎದ್ದು ನಿಂತೆ. ಹೂವು ಬಿಟ್ಟಿತ್ತೇ? ಬೆಳ್ಳುಳ್ಳಿಗೆ?

ಈ ಅರವತ್ತೇಳು ವರ್ಷದಲ್ಲಿ ನಾನು ಬೆಳ್ಳುಳ್ಳಿಯ ಹೂವು ನೋಡಿಲ್ಲ. ನನ್ನವ್ವನೂ ನೋಡಿರಲಿಲ್ಲ. ನಾನು ಈ ಗಿಡಕ್ಕೆ ಮಾಡದ ಪರೀಕ್ಷೆ ಇಲ್ಲ. ಒಂದು ವರ್ಷ ಎಸಳನ್ನು ತಲೆಕೆಳಗಾಗಿ ನೆಟ್ಟೆ. ಅದು ಮಣ್ಣೊಳಗೇ ಸುತ್ತು ಹಾಕಿಕೊಂಡು ಮೇಲೆ ಬಂತು, ಗಡ್ಡೆ ಸೊಟ್ಟಗಾಯಿತು. ಇನ್ನೊಂದು ವರ್ಷ ಗಡ್ಡೆಯನ್ನು ಒಡೆಯದೆ ಇಡಿಯಾಗಿ ನೆಟ್ಟೆ. ಹುಲ್ಲಿನ ಗುಂಪಿನ ಹಾಗೆ ಎದ್ದಿತೇ ಹೊರತು ಒಂದೂ ದಪ್ಪಗಾಗಲಿಲ್ಲ. ಒಂದು ಗಿಡವನ್ನು ಕೀಳದೆ ಬೇಸಿಗೆಯವರೆಗೆ ಬಿಟ್ಟೂ ನೋಡಿದೆ. ಒಣಗಿ ಹೋಯಿತು, ಹೂವಿನ ಮಾತೇ ಇಲ್ಲ. ನಿನಗೆ ಮೊದಲ ಸಲಕ್ಕೇ ಬಿಟ್ಟಿದೆಯಲ್ಲ.

ಈಗ ನಾನು ಕೇಳುವುದಕ್ಕೆಲ್ಲ ಉತ್ತರ ಬರೆ. ಎಷ್ಟು ಗಿಡಕ್ಕೆ ಬಿಟ್ಟಿತ್ತು? ಹೂವಿಗೆ ವಾಸನೆ ಇತ್ತೇ, ಇದ್ದರೆ ಬೆಳ್ಳುಳ್ಳಿಯದೋ ಹೂವಿನದೋ? ಜೇನು ಕೂತಿತೇ? ಬೀಜ ಕಟ್ಟಿತೇ? ಬೀಜ ಕಟ್ಟಿದ್ದರೆ ಯೋಚನೆ ಮಾಡು, ಗಡ್ಡೆ ಕೂಡಿಡುವ ಕಷ್ಟವೇ ಇಲ್ಲ. ಗ್ಯಾಸು ಬರಲಿ ಏನೇ ಬರಲಿ, ಡಬ್ಬಿಯಲ್ಲಿ ಬೀಜ ಹಾಕಿಟ್ಟರಾಯಿತು. ಒಂದು ಒಣಗಿದ ಹೂವು ಉಳಿದಿದ್ದರೆ ಪತ್ರದಲ್ಲಿ ಮಡಿಸಿ ಕಳಿಸು.

ಕೃಷಿ ಇಲಾಖೆಯ ಹುಲುಗೇಶ ಅಂತ ಒಬ್ಬ ಮಂಗಳವಾರ ನಮ್ಮೂರಿಗೆ ಬರುತ್ತಾನೆ. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತಿದ್ದ. ಹೋಗಿ ಹೇಳಿದೆ. ಅವನು ನಗಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವನು.

‘ಅಜ್ಜಿ, ನಮ್ಮ ಸೀಮ್ಯಾಗ ಬಳ್ಳೊಳ್ಳಿ ಹೂವು ಬಿಡಾದಿಲ್ರಿ. ಅದಕ್ಕ ಬೇಕಾದಷ್ಟು ಚಳಿ ಇಲ್ಲಿ ಇಲ್ಲ. ನಿಮ್ಮ ಮಗಳು ಉಳ್ಳಾಗಡ್ಡಿ ಹೂವು ನೋಡಿರಬೇಕು.’

‘ನಮ್ಮ ಶೈಲಾ ಬಿ.ಎ. ಓದ್ಯಾಳಪ್ಪಾ. ಉಳ್ಳಾಗಡ್ಡಿಗೂ ಬಳ್ಳೊಳ್ಳಿಗೂ ಫರಕು ತಿಳಿಯದಾಕಿ ಅಲ್ಲ.’

‘ಬಿ.ಎ.ದಾಗ ಬಳ್ಳೊಳ್ಳಿ ಪಾಠ ಇರಾದಿಲ್ರಿ.’

ನನಗೆ ಸಿಟ್ಟು ಬಂತು. ಕಣ್ಣಾರೆ ಕಂಡವರ ಮಾತಿಗಿಂತ ನಿನ್ನ ಪುಸ್ತಕ ದೊಡ್ಡದೇನು ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟೆ. ನೀನು ಹೂವು ಕಳಿಸಿದರೆ ಅವನ ಕೈಯಲ್ಲಿ ಇಡುತ್ತೇನೆ.

ಮೊಣಕಾಲಿನ ಮೇಲೆ ಹಲಗೆ ಇಟ್ಟು ಬರೆದದ್ದು, ಅಕ್ಷರ ಅಲುಗಿದೆ.

ದೊಡ್ಡವ್ವ


ಹಡಗಲಿ
28-9-1999

ದೊಡ್ಡವ್ವನಿಗೆ ನಮಸ್ಕಾರ.

ಉತ್ತರ ತಡವಾಯಿತು. ಮನೆಯಲ್ಲಿ ಕೆಲಸ ಇತ್ತು. ಇವರು ಮೋಟಾರಿನ ತಾಮ್ರದ ತಂತಿ ತರಲು ಹರಪನಹಳ್ಳಿಗೆ ಬರುತ್ತಿದ್ದಾರೆ, ಅಲ್ಲಿಂದ ಚಿಗಟೇರಿಗೆ ಬಂದು ಹತ್ತು ಗಡ್ಡೆ ಕೊಟ್ಟು ಹೋಗುತ್ತಾರೆ. ಹೂವು ಒಣಗಿ ಉದುರಿತು. ಬೀಜ ಕಟ್ಟಲಿಲ್ಲ. ಎಷ್ಟು ಗಿಡಕ್ಕೆ ಅಂತ ನೆನಪಿಲ್ಲ. ದಯವಿಟ್ಟು ಹೂವಿನ ಸುದ್ದಿ ಯಾರ ಹತ್ತಿರವೂ ಹೇಳಬೇಡಿ.

ಶೈಲಾ


ಚಿಗಟೇರಿ
17-10-1999

ಶೈಲವ್ವ,

ಅಳಿಯಂದಿರು ಬಂದು ಹೋದರು. ಗಡ್ಡೆ ಕೈಗೆ ಬಂದ ಕೂಡಲೇ ಹೂವಿನ ಬಗ್ಗೆ ಅವರನ್ನು ಕೇಳಿದೆ. ‘ನನಗ ಗೊತ್ತಿಲ್ರಿ ದೊಡ್ಡವ್ವ, ನಾ ಹಿತ್ತಲಕ್ಕ ಹೋಗಾದೇ ಅಪರೂಪ’ ಅಂದರು. ಗಂಡಸರು ಮೋಟಾರಿನೊಳಗಿನ ತಂತಿ ನೋಡುತ್ತಾರೆ, ಮನೆ ಹಿಂದಿನ ಗಿಡ ನೋಡುವುದಿಲ್ಲ.

ಈಗ ನನಗೆ ಒಂದು ಹೊಸ ವಿಷಯ ತಿಳಿದಿದೆ. ನೀನು ಕಳಿಸಿದ ಗಡ್ಡೆ ನಮ್ಮದಕ್ಕಿಂತ ದಪ್ಪ. ಒಂದು ಒಡೆದೆ. ಒಳಸಿಪ್ಪೆ ಬಿಳಿ. ಎಸಳು ಕಚ್ಚಿದೆ, ಉರಿಯೇ ಇಲ್ಲ, ಹಸಿ ಶೇಂಗಾ ತಿಂದ ಹಾಗೆ. ಮೊದಲು ನನ್ನ ನಾಲಿಗೆ ಕೆಟ್ಟಿತೇ ಅಂದುಕೊಂಡು ಗಂಗಾಂಬಿಕಾಗೂ ಕೊಟ್ಟೆ, ಅವಳೂ ಹಾಗೇ ಅಂದಳು. ರಾತ್ರಿಯೆಲ್ಲ ಯೋಚಿಸಿ ಕಡೆಗೆ ಕಂಡುಕೊಂಡೆ. ನಿಮ್ಮ ಹಡಗಲಿಯ ಮಣ್ಣು ಮಲ್ಲಿಗೆಯ ಮಣ್ಣು. ಅದು ಏನು ನೆಟ್ಟರೂ ಹೂವು ಬಿಡಿಸುತ್ತದೆ. ಘಾಟು ಎಲ್ಲಾ ಹೂವಿಗೆ ಏರಿ ಹೋಗಿ, ಗಡ್ಡೆ ಸಪ್ಪೆಯಾಗಿ ಉಳಿದಿದೆ. ಇದನ್ನು ನನ್ನ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಹುಲುಗೇಶನಿಗೂ ಹೇಳಿದೆ, ಅವನು ಹೂಂ ಅಂದ. ಎರಡು ವರ್ಷ ನಮ್ಮ ಮಣ್ಣಿನಲ್ಲಿ ಬೆಳೆದರೆ ಘಾಟು ತಿರುಗಿ ಬರುತ್ತದೆ ಅಂತ ನನ್ನ ನಂಬಿಕೆ. ನಾಲ್ಕು ಗಡ್ಡೆ ಆಗಲೇ ನೆಟ್ಟೆ. ಉಳಿದ ಐದಕ್ಕೆ ಮಡಿ ಮಾಡಿಸುತ್ತಿದ್ದೇನೆ.

ಇನ್ನೊಂದು ಸುದ್ದಿ. ಉಚ್ಚಂಗಿದುರ್ಗದ ಅಂಜಿನಕ್ಕ ಹೇಳಿ ಕಳಿಸಿದ್ದಳು. ಅವಳ ಹತ್ತಿರ ನಮ್ಮ ತಳಿ ಇನ್ನೂ ಇದೆಯಂತೆ. ಮಗಳು ಹೆರಿಗೆಗೆ ಬಂದಿದ್ದಾಳೆ. ಬಾಣಂತಿಗೆ ತುಪ್ಪದಲ್ಲಿ ಹುರಿದು ಕೊಡಲು ಶುರು ಮಾಡಿದರೆ ಒಂದೂ ಉಳಿಯುವುದಿಲ್ಲ, ಬೇಕಿದ್ದರೆ ದೀಪಾವಳಿಯ ಒಳಗೆ ಬರಬೇಕು ಅಂತ. ಬೇಡ ಅಂತ ಹೇಳಿ ಕಳಿಸಿದೆ. ನಮ್ಮದು ನಿನ್ನಿಂದ ಬಂದಿರುವಾಗ ಬಾಣಂತಿಯ ಬಾಯಿಂದ ಯಾಕೆ ಕಸಿಯಲಿ.

ನಿನಗೆ ಮೈಯಲ್ಲಿ ಹುಷಾರಿಲ್ಲವೇ? ಹೋದ ಪತ್ರ ತೀರಾ ಚಿಕ್ಕದಿತ್ತು. ಅತ್ತೆ ಏನಾದರೂ ಅಂದರೇ? ನನಗೆ ಬೆಳ್ಳುಳ್ಳಿ ಕಳಿಸಿದ್ದಕ್ಕೆ ಅಂದಿದ್ದರೆ ಹೇಳು, ನಾನೇ ಅವರಿಗೊಂದು ಕಾಗದ ಬರೆಯುತ್ತೇನೆ.

ದೊಡ್ಡವ್ವ


ಹಡಗಲಿ
25-10-1999

ದೊಡ್ಡವ್ವ,

ಇದನ್ನು ಅಂಚೆಗೆ ಹಾಕುತ್ತಿಲ್ಲ, ತಡವಾಗುತ್ತದೆ. ಇವರನ್ನು ಮೊದಲ ಬಸ್ಸಿಗೆ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಉಚ್ಚಂಗಿದುರ್ಗಕ್ಕೆ ಹೋಗಿ. ಬಾಕಿಯದ್ದು ಬಸ್ಸಿನಲ್ಲಿ ಓದಿ.

ನಾನು ಕಳಿಸಿದ್ದು ನಿಮ್ಮ ಬೆಳ್ಳುಳ್ಳಿ ಅಲ್ಲ. ಇಲ್ಲಿಯ ಸಂತೆಯಲ್ಲಿ ಕೊಂಡದ್ದು. ಇದ್ದುದರಲ್ಲಿ ಚಿಕ್ಕವನ್ನು ಆರಿಸಿ, ಮಣ್ಣು ಮೆತ್ತಿ ಒಣಗಿಸಿ ಕಳಿಸಿದೆ. ನಿಮ್ಮ ಹನ್ನೆರಡು ಗಡ್ಡೆಯನ್ನು ಮದುವೆಯಾದ ಎರಡು ತಿಂಗಳಲ್ಲೇ ಚಟ್ನಿಪುಡಿ ಕುಟ್ಟಿ ಮುಗಿಸಿದ್ದೆ. ಇದನ್ನೆಲ್ಲ ಶ್ರಾವಣದಲ್ಲೇ ಬರೆದಿದ್ದೆ. ಆ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ, ಅದರಲ್ಲಿ ಎಲ್ಲ ಇದೆ. ಹೂವು ನಾನು ನೋಡಿದ್ದು ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ಯಾರದೋ ಹೊಲದಲ್ಲಿ ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿಯಲ್ಲಿ. ಏನಾದರೂ ವಿವರ ಬರೆದರೆ ನೀವು ನಂಬುತ್ತೀರಿ ಅಂತ ಬರೆದೆ. ಬೆಳ್ಳುಳ್ಳಿ ಹೂವು ಬಿಡುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಹುಲುಗೇಶ ಅವರು ಹೇಳಿದ್ದೇ ಸರಿ.

ಸಪ್ಪೆ ಬೆಳ್ಳುಳ್ಳಿ ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತದೆ, ಬೈದು ಬರೆಯುತ್ತೀರಿ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ನೀವು ನನ್ನ ಮೇಲೆ ಅನುಮಾನ ಪಡುವ ಬದಲು ಹಡಗಲಿಯ ಮಣ್ಣಿನ ಮೇಲೆ ತಪ್ಪು ಹಾಕಿದಿರಿ. ಅದರ ಮೇಲೆ ಅಂಜಿನಕ್ಕನಿಗೆ ಬೇಡ ಅಂದಿರಿ. ಅದನ್ನು ಓದಿ ಎರಡು ದಿನ ಊಟ ಸೇರಲಿಲ್ಲ. ಅತ್ತೆ ಎದುರಿಗೆ ಕುಳಿತು ಕೇಳಿದರು. ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು:

‘ಹನ್ನೆರಡು ಗಡ್ಡಿಯೊಳಗ ಎಂಟು ನನ್ನ ಹೊಟ್ಟಿಗೇ ಹೋಗ್ಯಾವ. ಬರಿ, ನನ್ನ ಹೆಸರೂ ಸೇರಿಸಿ ಬರಿ. ತಿಂದಾಕಿ ನಾನು, ಸುಳ್ಳು ಹೇಳಾಕಿ ನೀನು, ಕಳಕೊಂಡಾಕಿ ಆ ಹೆಣ್ಣಮಗಳು. ಇದ್ಯಾವ ನ್ಯಾಯ?’

ಬೆಳಗ್ಗೆ ಇವರನ್ನು ಎಬ್ಬಿಸಿ ಬಸ್ಸಿಗೆ ಹೋಗು ಅಂದವರೂ ಅವರೇ. ದೊಡ್ಡವ್ವ, ನನ್ನನ್ನು ಬೈಯುವುದು ಆಮೇಲೆ ಬೈಯಿರಿ. ಮೊದಲು ಹೊರಡಿ.

ಶೈಲಾ


ಚಿಗಟೇರಿ
12-11-1999

ಶೈಲಾ,

ಇಷ್ಟು ದಿನ ಬರೆಯಲಿಲ್ಲ, ಸಿಟ್ಟಿತ್ತು. ಬೆಳ್ಳುಳ್ಳಿಗಲ್ಲ. ಬೀಜ ತಿಂದವರು ಲೋಕದಲ್ಲಿ ನೀವೇ ಮೊದಲಿನವರಲ್ಲ. ಹೂವಿಗೆ ಸಿಟ್ಟು. ದಿನಾ ಮಲಗುವಾಗ ಆ ಬಿಳಿ ಚೆಂಡನ್ನು ನೆನೆಸಿಕೊಳ್ಳುತ್ತಿದ್ದೆ, ಅದರ ವಾಸನೆ ಹೇಗಿದ್ದೀತು ಅಂತ. ಇಲ್ಲದ್ದನ್ನು ಅಷ್ಟು ದಿನ ಮೂಸಿದೆನಲ್ಲ. ಮಂಗಳವಾರ ಕಟ್ಟೆಗೆ ಹೋಗಿ, ಅವೇ ನಾಲ್ಕು ಜನರ ಮುಂದೆ ಹುಲುಗೇಶನಿಗೆ ನೀನು ಹೇಳಿದ್ದೇ ಖರೆ ಅಂದೆ. ಅವನು ಎದ್ದು ನಿಂತು, ‘ಇರ್ಲಿ ಬಿಡ್ರಿ ಅಜ್ಜಿ, ಚಳಿ ದೇಶದಾಗ ಬಿಡ್ತತಿ, ನೀವು ಪೂರಾ ತಪ್ಪಲ್ಲ’ ಅಂದ. ನೋಟುಬುಕ್ಕಿನಲ್ಲಿ ಬರೆದದ್ದನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದ್ದೇನೆ.

ಅಳಿಯಂದಿರು ಬಂದ ಮಾರನೇ ದಿನವೇ ಉಚ್ಚಂಗಿದುರ್ಗಕ್ಕೆ ಹೋದೆ. ಅಂಜಿನಕ್ಕನ ಮಗಳಿಗೆ ಎಂಟು ದಿನ ಮುಂಚೆಯೇ ಹೆರಿಗೆಯಾಗಿತ್ತು, ಹೆಣ್ಣು ಕೂಸು. ಬಾಗಿಲಿಗೆ ಹೋಗುವಷ್ಟರಲ್ಲೇ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಘಮ್ಮೆಂದಿತು. ನನ್ನವ್ವನ ಮನೆಯ ವಾಸನೆ ಅದು. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

‘ಬ್ಯಾಡ ಅಂತ ಹೇಳಿ ಕಳಿಸಿದ್ರಿ, ಈಗ್ಯಾಕ ಬಂದ್ರಿ ಅಕ್ಕಾರ?’ ಅಂದಳು.

ಮುಚ್ಚಿಡುವುದಕ್ಕೆ ಏನಿದೆ, ಚಟ್ನಿಪುಡಿಯಿಂದ ಹಿಡಿದು ಹೂವಿನವರೆಗೆ ಎಲ್ಲ ಹೇಳಿದೆ. ಕೂಸನ್ನು ಮಗಳ ಕೈಗೆ ಕೊಟ್ಟು, ಗೋಡೆಗೆ ಒರಗಿ ನಕ್ಕಳು. ಆಮೇಲೆ ಒಲೆಯ ಮೇಲಿನ ಗಳದಿಂದ ಕಟ್ಟು ಇಳಿಸಿದಳು. ನಾಲ್ಕು ಗಡ್ಡೆ ಉಳಿದಿದ್ದವು.

‘ಎರಡು ನನ್ನ ಮಗಳಿಗೆ. ಎರಡು ನಿಮಗ. ಅದಕ್ಕಿಂತ ಹೆಚ್ಚು ಕೇಳಬ್ಯಾಡ್ರಿ, ಹಸಿ ಬಾಣಂತಿ ಅದಾಳ.’

ನೀನು ಕಳಿಸಿದ್ದರಲ್ಲಿ ನೆಡದೆ ಉಳಿದಿದ್ದ ಐದನ್ನು ಅವಳ ಮುಂದಿಟ್ಟೆ. ಬಾಣಂತಿಗೆ ಇಂಥ ಸಪ್ಪೆಯದ್ದು ಹಾಕಿದರೂ ಒಂದೇ, ಬಿಟ್ಟರೂ ಒಂದೇ ಅಂತ ಬೈದುಕೊಂಡೇ ಒಳಗಿಟ್ಟಳು. ಅಲ್ಲೇ ಕುಳಿತು ಒಂದು ಗಡ್ಡೆ ಒಡೆದೆ. ಒಳಸಿಪ್ಪೆ ಬದನೆಕಾಯಿ ಬಣ್ಣ. ಎರಡೂ ಗಡ್ಡೆ ಸೇರಿ ಇದ್ದದ್ದು ಹತ್ತೊಂಬತ್ತು ಎಸಳು, ಆದರೂ ಒಂದನ್ನು ಕಚ್ಚಿ ನೋಡದೆ ಇರಲಾಗಲಿಲ್ಲ. ಉರಿಗೆ ಕಣ್ಣಲ್ಲಿ ನೀರು ಬಂತು. ಉರಿಗೇ ಅಂತ ಬರೆದಿದ್ದೇನೆ, ಹಾಗೇ ಓದಿಕೋ.

ಹೊರಡುವಾಗ ಅವಳನ್ನು ಕೇಳಿದೆ, ಊರೆಲ್ಲ ತಿಂದು ಮುಗಿಸಿದೆ, ನೀನೊಬ್ಬಳು ಹೇಗೆ ಉಳಿಸಿಕೊಂಡೆ ಅಂತ. ‘ಕೊಟ್ಟ ದಿನ ನಾ ನಿಮ್ಮನ್ನ ಕೇಳಿದ್ದೆನಲ್ಲ ಅಕ್ಕಾರ, ಇದು ತಿನ್ನಾಕೋ ನೆಡಾಕೋ ಅಂತ. ನೆಡಾಕ ಅಂದ್ರಿ. ನೆಟ್ಟೆ’ ಅಂದಳು.

ಬಸ್ಸಿನಲ್ಲಿ ಬರುವಾಗ ಆ ಮಾತು ತಲೆಯಲ್ಲೇ ಕುಳಿತಿತ್ತು. ನಮ್ಮ ಮನೆತನದಲ್ಲಿ ಉಡಿಯಲ್ಲಿ ಹಾಕಿದ್ದು ಏತಕ್ಕೆ ಅಂತ ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಹೇಳಿದರೆ ಕೊಟ್ಟದ್ದು ಸಣ್ಣದಾಗುತ್ತದೆ ಅನ್ನುತ್ತಿದ್ದಳು ನನ್ನವ್ವ. ನನಗೂ ಅವಳು ಹೇಳಲಿಲ್ಲ, ಆದರೆ ನಾನು ಅವಳ ಹಿತ್ತಲಲ್ಲೇ ಬೆಳೆದವಳು, ಹೇಳುವ ಅಗತ್ಯ ಇರಲಿಲ್ಲ. ನೀನು ದಾವಣಗೆರೆಯ ಬಾಡಿಗೆ ಮನೆಯ ಹುಡುಗಿ. ಕಳೆ ತೆಗೆಯಲು ಬಂದವಳು ಕೇಳಿದ್ದಕ್ಕೆ ಹೇಳಿದೆ. ನಿನಗೆ ಪದ್ಧತಿ ನೋಡಿ ಸುಮ್ಮನಿದ್ದೆ. ನೀನು ಸುಳ್ಳು ಬರೆದದ್ದು ತಪ್ಪು, ಅದನ್ನು ನಾನು ಬಿಡುವುದಿಲ್ಲ. ಚಟ್ನಿ ಕುಟ್ಟಿದ್ದು ಮಾತ್ರ ನನ್ನ ಲೆಕ್ಕಕ್ಕೆ ಬರಲಿ.

ಹದಿನೆಂಟು ಎಸಳನ್ನು ಮೊನ್ನೆ ನೆಟ್ಟೆ. ನಿನ್ನ ಅತ್ತೆಗೆ ಹೇಳು, ಎಂಟು ಗಡ್ಡೆ ತಿಂದರೂ ನಿಜ ಹೇಳಿದರು ಅಂತ ನನಗೆ ಸಂತೋಷವಾಗಿದೆ.

ದೊಡ್ಡವ್ವ


ಚಿಗಟೇರಿ
20-3-2000

ಶೈಲವ್ವ,

ಹದಿನೆಂಟರಲ್ಲಿ ಹದಿನಾರು ಕೈಗೆ ಬಂದವು. ನಾಲ್ಕು ಅಂಜಿನಕ್ಕನಿಗೆ, ಆರು ನನಗೆ, ಆರು ನಿನಗೆ. ಗಂಗಾಂಬಿಕಾ, ‘ಅಕಿಗೇ ಮತ್ತ ಕೊಡ್ತೀರೇನತ್ತಿ?’ ಅಂದಳು. ಹೂಂ ಅಂದೆ. ಒಂದೇ ಮನೆಯಲ್ಲಿ ಇಟ್ಟರೆ ಏನಾಗುತ್ತದೆ ಅಂತ ಈ ವರ್ಷ ನೋಡಿದೆವಲ್ಲ.

ಈ ಸಲ ಬಾಯಿಬಿಟ್ಟೇ ಹೇಳುತ್ತೇನೆ. ಇದು ನೆಡುವುದಕ್ಕೆ. ಎಲೆ ಸಮೇತ ಕಟ್ಟಿ ನೆರಳಲ್ಲಿ, ಹೊಗೆ ತಾಗುವ ಕಡೆ ತೂಗುಹಾಕು. ಬಚ್ಚಲ ಒಲೆಯ ಮೇಲೆ ಬೇಡ, ಅಲ್ಲಿ ಹಬೆ ಇರುತ್ತದೆ, ಕೊಳೆಯುತ್ತದೆ. ನಾನು ಹಿತ್ತಲಲ್ಲಿ ರೊಟ್ಟಿಗೆ ಅಂತ ಒಂದು ಮಣ್ಣಿನ ಒಲೆ ಹಾಕಿಸಿಕೊಂಡೆ. ಹೊಗೆ ಬೇಕು ಅಂತ ಒಲೆ ಹಾಕಿಸಿದವರು ನೀವೊಬ್ಬರೇ ಅಂತ ಸೊಸೆ ನಗುತ್ತಾಳೆ, ರೊಟ್ಟಿ ಮಾತ್ರ ಅದರ ಮೇಲೆಯೇ ಬಡಿಯುತ್ತಾಳೆ. ದೀಪಾವಳಿಗೆ ಎಸಳು ಬಿಡಿಸು, ಸಿಪ್ಪೆ ತೆಗೆಯಬೇಡ. ಮೊನೆ ಮೇಲಕ್ಕೆ ಬರಲಿ, ಬೆರಳಿನ ಎರಡು ಗೆಣ್ಣು ಆಳ, ಗೇಣಿನ ಅರ್ಧ ಅಂತರ. ಎಲೆ ಹಳದಿ ತಿರುಗಿದ ಮೇಲೆ ನೀರು ನಿಲ್ಲಿಸು.

ಪದ್ಧತಿ ಮುರಿದೆ. ನನ್ನವ್ವ ಏನೂ ಅನ್ನಲಿಲ್ಲ.

ದೊಡ್ಡವ್ವ


ಹಡಗಲಿ
19-11-2000

ದೊಡ್ಡವ್ವ,

ದೀಪಾವಳಿ ಮುಗಿದು ಇಷ್ಟು ದಿನವಾದರೂ ಯಾಕೆ ಬರೆಯಲಿಲ್ಲ ಅಂತ ನೀವು ಕಾಯುತ್ತಿರುತ್ತೀರಿ. ಬೇಕೆಂದೇ ಬರೆಯಲಿಲ್ಲ. ಎಲೆ ಕಣ್ಣಿಗೆ ಕಂಡ ಮೇಲೆ ಬರೆಯೋಣ ಅಂತ ಇದ್ದೆ.

ಆರು ಗಡ್ಡೆಯಿಂದ ಐವತ್ತೇಳು ಎಸಳು ಬಂದವು. ನಮ್ಮ ಓಣಿಯಲ್ಲಿ ಮಂಡಕ್ಕಿ ಹುರಿಯುವ ಮೈಲಮ್ಮನ ಭಟ್ಟಿಯ ಗೋಡೆಗೆ ಇಷ್ಟು ತಿಂಗಳು ಕಟ್ಟಿಸಿದ್ದೆ, ಒಂದೂ ಪೊಳ್ಳಾಗಿರಲಿಲ್ಲ. ಕಾವಲಿಗೆ ಅಂತ ಅವಳಿಗೆ ಐದು ಎಸಳು ಕೊಟ್ಟೆ, ನೆಡುವುದಕ್ಕೆ ಅಂತ ಹೇಳಿಯೇ ಕೊಟ್ಟೆ. ಉಳಿದ ಐವತ್ತೆರಡನ್ನು ನಾನು, ಅತ್ತೆ ಸೇರಿ ನೆಟ್ಟೆವು. ಅವರು ಗುಣಿ ಮಾಡಿದರು, ನಾನು ಎಸಳು ಇಟ್ಟೆ. ಇವರು ಕೂಡ ಹಿತ್ತಲಿಗೆ ಬಂದು ನಿಂತು ನೋಡಿದರು.

ನಲವತ್ತೊಂಬತ್ತು ಮೊಳೆತಿವೆ. ಮೂರು ಮೊಳೆಯಲಿಲ್ಲ. ಯಾಕೆ ಅಂತ ನಿನ್ನೆ ಬೆರಳಿನಿಂದ ಮಣ್ಣು ಬಗೆದು ನೋಡಿದೆ. ಒಂದು ಕೊಳೆತಿತ್ತು, ಅಲ್ಲಿ ಬಾವಿಯ ನೀರು ನಿಲ್ಲುತ್ತದೆ. ಇನ್ನೊಂದಕ್ಕೆ ಬೇರು ಬಂದಿದೆ, ಮೊಳಕೆ ಇನ್ನೂ ಒಳಗಿದೆ; ಹಾಗೇ ಮುಚ್ಚಿದೆ. ಮೂರನೆಯ ಗುಣಿಯಲ್ಲಿ ಎಸಳೇ ಇರಲಿಲ್ಲ. ಇಲಿ ಬಗೆದ ಗುರುತೂ ಇರಲಿಲ್ಲ, ಮೇಲೆ ಮಣ್ಣು ನೀಟಾಗಿ ಮುಚ್ಚಿತ್ತು.

ಅತ್ತೆ ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತಾ ಕುಳಿತಿದ್ದರು. ಹೋಗಿ ಎದುರಿಗೆ ನಿಂತು, ಬಾಯಿ ಬಿಡ್ರಿ ಅತ್ತೀ ಅಂದೆ. ‘ಸೊಸಿ ಆದಾಕಿ ಅತ್ತಿ ಬಾಯಿ ಮೂಸಿ ನೋಡ್ತಾಳೇನ?’ ಅಂದರು. ಅಂದದ್ದು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು.

ಶೈಲಾ